ಚಂದ್ರನಿಗೆ ಹೊರಟ ಟ್ರಾಮು

ತೆರೆಯ ಮೇಲೆ ಅದು ನೆಲ ಬಿಟ್ಟೇಳುವಾಗ
ಒಮ್ಮೆ ಅಲುಗಿತಲ್ಲ, ಆ ಅಲುಗಾಟ ನನ್ನದು.

ಮಹಾಯುದ್ಧದ ಮೂರನೇ ವರ್ಷ. ನಮ್ಮ ದೇಶ ಯುದ್ಧಕ್ಕಿಳಿದಿರಲಿಲ್ಲ,
ಹಸಿವು ಮಾತ್ರ ಗಡಿಯಲ್ಲಿ ಚೀಟಿ ತೋರಿಸದೆ ಒಳಗೆ ಬಂದಿತ್ತು.
ವಾಲ್ಬಿಯಲ್ಲೊಂದು ಗಾಜಿನ ಮನೆ.
ಸೌತೆ ಬೆಳೆಸಲು ಕಟ್ಟಿದಂತಿತ್ತು; ಬೆಳೆಯುತ್ತಿದ್ದುದು ಸಿನಿಮಾ.
ಬಿಸಿಲು ಬಿದ್ದರೆ ಕೆಲಸ, ಮೋಡ ಕವಿದರೆ ಇಸ್ಪೀಟು.
ಕೋಪನ್‌ಹೇಗನ್ನಿನ ಮೋಡ, ಕೂತರೆ ಏಳುವ ಜಾತಿಯದಲ್ಲ.

ಕಥೆ ನಡೆಯುವುದು ಅರವತ್ತನೇ ಇಸವಿಯಲ್ಲಿ, ಎಂದರು ಯಜಮಾನ ಲೌಗೆ.
ನನಗಾಗ ಇಪ್ಪತ್ತು. ಅರವತ್ತು ಎಂದರೆ
ಯಾರೂ ಹೋಗಿ ಬಂದಿರದ ಊರಿನ ಹೆಸರಿನಂತೆ ಕೇಳಿಸಿತು.

ಬಡಗಿ ಆಸ್ಗರ್ ಕಟ್ಟಿದ.
ಮೈಗೆ ಚಹಾಪೆಟ್ಟಿಗೆಯ ಹಲಗೆ,
ಮೂತಿಗೆ ತಗ್ಗುಬಿದ್ದ ಹಾಲಿನ ಕ್ಯಾನಿನ ತಳ.
ಹೊಟ್ಟೆಗೆ ಹಿಟ್ಟಿಲ್ಲ, ಟ್ರಾಮಿಗೆ ಬೆಳ್ಳಿ ಬಣ್ಣ.
ಚಾಲಕನ ಮುಂದೆ ಹನ್ನೊಂದು ಮುಳ್ಳುಗಳ ಫಲಕ:
ಗ್ಯಾಸ್ ಮೀಟರಿನವು ನಾಲ್ಕು, ಬೇಕರಿಯ ತಕ್ಕಡಿಯದೊಂದು,
ಉಳಿದವು ಎಲ್ಲಿಂದ ಬಂದವೆಂದು ನಾವು ಕೇಳಲಿಲ್ಲ.
ಹಿತ್ತಾಳೆಯ ಹಿಡಿಕೆಯೊಂದಿತ್ತು, ದೊಡ್ಡದು, ಬಲು ಚಂದ.
ಎಳೆದರೆ ಏನೂ ಆಗುತ್ತಿರಲಿಲ್ಲ.
ಎಳೆದಾಗ ಆಗಬೇಕಾದದ್ದನ್ನೆಲ್ಲ
ಕೆಳಗೆ ಮಲಗಿದ್ದ ನಾನು ಮಾಡಬೇಕಿತ್ತು.

ಎಡ ಭುಜ ಕೊಟ್ಟು ಎತ್ತು. ಇಳಿಸು. ಮೆಲ್ಲಗೆ ನಡುಗಿಸು.
"ಮೋಡ ದಾಟಿದೆವು!" ಎಂದು ಲೌಗೆ ಕೂಗಿದರೆ ನಡುಕ ನಿಲ್ಲಿಸುವೆ,
"ಉಲ್ಕೆ!" ಎಂದರೆ ಮೊಣಕಾಲಿನಿಂದ ಗುದ್ದುವೆ.
ಒಳಗೆ ಏಳು ಜನ ಪ್ರಯಾಣಿಕರು, ಟಿಕೆಟ್ ಹರಿಯುವ ಕಂಡಕ್ಟರು.
ಚಂದ್ರನಿಗೆ ಎರಡು ಕ್ರೋನ. ನಾಯಿಗೆ ಅರ್ಧ.

ಮುಖ ಕಾಣುವ ಟೆಲಿಫೋನೂ ಇತ್ತು.
ಗೋಡೆಗೆ ತೂತು, ತೂತಿಗೆ ಕ್ಷೌರದ ಕನ್ನಡಿಯ ಚೌಕಟ್ಟು,
ಹಿಂದೆ ಸ್ಟೂಲಿನ ಮೇಲೆ ಕೂತು ಬೋಡಿಲ್ ಬಾಯಾಡಿಸುವಳು.
ಮೂಕಿ ಚಿತ್ರ ತಾನೆ. ಅತ್ತ ನಾಯಕ ಪ್ರೇಮ ತೋಡಿಕೊಂಡರೆ
ಇತ್ತ ಅವಳು ಬೆಣ್ಣೆಯ ದರ ಹೇಳುತ್ತಿದ್ದಳು, ಕಣ್ಣು ತುಂಬಿಕೊಂಡು.
ನೀರು ನಿಜದ್ದೇ. ಬೆಣ್ಣೆಯ ದರ ಹಾಗಿತ್ತು.

ಊಟದ ಗುಳಿಗೆ ಬೇರೆ: ಒಂದು ನುಂಗಿದರೆ ಮೂರು ದಿನ ಹಸಿವಿಲ್ಲ.
ಬರೀ ಪೆಪ್ಪರಮೆಂಟು. ನಲವತ್ತು ತುಂಬಿದ ಡಬ್ಬಿ
ಮಧ್ಯಾಹ್ನದೊಳಗೆ ಖಾಲಿ.
ಲೌಗೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಬಾಯಿ ಮೂಸಿದರು.
ಭವಿಷ್ಯ ಎಲ್ಲರ ಬಾಯಲ್ಲೂ ಘಮ್ಮೆನ್ನುತ್ತಿತ್ತು.

ಸಂಜೆ ಮನೆಗೆ ಸೈಕಲ್ಲು. ರಬ್ಬರು ಸಿಗದ ಕಾಲ,
ಗಾಲಿಗೆ ಹಡಗುಕಟ್ಟೆಯ ಹಗ್ಗ ಸುತ್ತಿದ್ದೆ.
ಕಲ್ಲುಹಾಸಿನ ಮೇಲೆ ದಡದಡ ದಡದಡ, ಹಲ್ಲಿಗೆ ಹಲ್ಲು ತಾಗಿ.
ನಾಳೆ ಹೀಗೇ ನಡುಗಿಸಬೇಕು, ಎಂದುಕೊಂಡೆ.
ಹಾಗೇ ನಡುಗಿಸಿದೆ.
ಆಕಾಶದ ದಾರಿ ಹೇಗಿರುತ್ತದೆಂದು ಮತ್ತೆ ಯಾರನ್ನು ಕೇಳಲಿ?

ವೆಸ್ಟರ್‌ಬ್ರೋದ ಥಿಯೇಟರಿಗೆ ಟೂರಾಳನ್ನು ಕರೆದೊಯ್ದೆ.
ಮದುವೆಗೆ ಇನ್ನೂ ಒಂದು ವರ್ಷವಿತ್ತು.
"ನೀನೆಲ್ಲಿ?" ಎಂದಳು. "ಕೆಳಗೆ."
"ಕಾಣುತ್ತಿಲ್ಲ." "ಕಾಣಬಾರದು, ಅದೇ ಕೆಲಸ."
ಟ್ರಾಮು ನಡುಗಿತು. ಕತ್ತಲಲ್ಲಿ ಅವಳು
ನನ್ನ ಎಡ ಭುಜದ ಮೇಲೆ ಕೈಯಿಟ್ಟಳು,
ಮೇಲಿದ್ದವರು ಬೀಳದಿರಲಿ ಎಂಬಂತೆ.

ಅರವತ್ತು ಬಂತು. ನಾನಿದ್ದೆ. ಟೂರಾ ಇರಲಿಲ್ಲ.
ವಾಲ್ಬಿಯ ಟ್ರಾಮು ಈಗಲೂ ಹಳಿಯ ಮೇಲೇ ಹೋಗುತ್ತದೆ,
ಕಂಡಕ್ಟರಿಗೆ ನೆಗಡಿ.
ಚಳಿ ಬಿದ್ದರೆ ಭುಜ ಹಿಡಿದುಕೊಳ್ಳುತ್ತದೆ ನನಗೆ.
ಹೊಸ ಡಾಕ್ಟರು, ಇನ್ನೂ ಹುಡುಗ, ಒತ್ತಿ ನೋಡಿ ಕೇಳಿದ:
"ಪ್ರಾಯದಲ್ಲಿ ಏನಾದರೂ ಭಾರ ಹೊರುತ್ತಿದ್ದಿರಾ?"
ಏಳು ಜನ, ಎಂದೆ. ಒಬ್ಬ ಕಂಡಕ್ಟರು. ಒಂದು ನಾಯಿ.
ಎಲ್ಲಿಗೆ ಎಂದು ಅವನು ಕೇಳಲಿಲ್ಲ.
ಚೀಟಿಯಲ್ಲಿ "ಮೂಟೆ ಕೆಲಸ" ಎಂದು ಬರೆದ.